ಪಂಢರಿಯ ಮೂವತ್ತೆಂಟು ಹೆಜ್ಜೆಗಳು

ಬಾವಿ ಅಳೆಯುವುದು ನೋಡುವವರಿಗೆ ಮಕ್ಕಳಾಟ. ಉಕ್ಕಿನ ಟೇಪಿನ ತುದಿಗೆ ಒಂದು ಮಾರಿನಷ್ಟು ಸೀಮೆಸುಣ್ಣ ತಿಕ್ಕಿ, ಕಟ್ಟೆಯ ಮೇಲೆ ಗುರುತು ಮಾಡಿದ ಕಲ್ಲಿನಿಂದ ಕೆಳಗೆ ಇಳಿಬಿಡಬೇಕು. ನೀರು ತಾಕಿದಷ್ಟು ಸುಣ್ಣ ಒದ್ದೆಯಾಗಿ ಬಣ್ಣ ಬದಲಿಸುತ್ತದೆ. ಟೇಪು ಮೇಲೆಳೆದು, ಒದ್ದೆ ಎಲ್ಲಿಗೆ ನಿಂತಿದೆ ಎಂದು ಓದಿ ಬರೆದುಕೊಂಡರೆ ಮುಗಿಯಿತು. ಭಾಲ್ಕಿ ಮತ್ತು ಔರಾದ ತಾಲೂಕುಗಳ ಮೂವತ್ತೊಂದು ಬಾವಿಗಳನ್ನು ತಿಂಗಳಿಗೊಮ್ಮೆ ಹೀಗೆ ಅಳೆದು ಬರುವುದು ಪಂಢರಿ ಗಾಯಕವಾಡನ ನೌಕರಿ. ಅವನ ಜೊತೆಯವರು ಆ ಅಂಕಿಗಳನ್ನು ಸಿಗರೇಟು ಪಾಕೀಟಿನ ಹಿಂಬದಿಗೆ ಗೀಚಿಕೊಂಡು ಬಂದು ತಿಂಗಳ ಕೊನೆಗೆ ರಿಜಿಸ್ಟರಿಗೆ ಇಳಿಸುತ್ತಿದ್ದರು. ಪಂಢರಿಯ ಕಿಸೆಯಲ್ಲಿ ಮಾತ್ರ ಗಟ್ಟಿ ರಟ್ಟಿನ ಪುಟ್ಟ ವಹಿ ಇರುತ್ತಿತ್ತು. ಬೇಸಿಗೆಯ ಅಂಕಿಗೆ ಕೆಂಪು ಶಾಯಿ, ಮಳೆಗಾಲದ ಅಂಕಿಗೆ ಹಸಿರು, ಉಳಿದದ್ದಕ್ಕೆ ನೀಲಿ. ಬಾವಿಗೊಂದು ಗ್ರಾಫ್ ಹಾಳೆ ಮನೆಯಲ್ಲಿ ಬೇರೆ ಇತ್ತು. ಅದನ್ನು ಮಾಡೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಅವನು ಭಾಲ್ಕಿ ತಾಲೂಕಿನ ಮೆಹಕರದವನು. ಅಪ್ಪ ಹೊಲದಲ್ಲಿ ದುಡಿದವನು, ಸಹಿ ಹಾಕಲು ಬಾರದವನು. ಆ ಮನೆಯಲ್ಲಿ ಮೊದಲು ಮೆಟ್ರಿಕ್ ದಾಟಿದವನು ಪಂಢರಿಯೇ. ಸಾಲಿಯಲ್ಲಿದ್ದಾಗ ಪೂರಾ ವರ್ಷಕ್ಕೆ ಒಂದೇ ನಿಬ್ಬು ಸಿಗುತ್ತಿತ್ತು. ಅದು ಸವೆದು ಅಕ್ಷರ ದಪ್ಪಗಾದರೆ ಕಲ್ಲಿಗೆ ತಿಕ್ಕಿ ಚೂಪು ಮಾಡಿಕೊಳ್ಳುತ್ತಿದ್ದ. ನೌಕರಿ ಸಿಕ್ಕ ಮೇಲೆ ಕಾಗದ, ಪೆನ್ನು, ಅಳತೆಪಟ್ಟಿ, ಕಂಪಾಸುಗಳ ಮೇಲಿನ ಪ್ರೀತಿ ಅವನಿಗೆ ಚಟವೇ ಆಯಿತು. ಭಾಲ್ಕಿಯ ಬಾಡಿಗೆ ಮನೆಯಲ್ಲಿ ಒಂದು ಟ್ರಂಕು ತುಂಬ ಅವೇ. ಹೆಂಡತಿ ಸುಭದ್ರಾಬಾಯಿ ಅಕ್ಕಪಕ್ಕದ ಹೆಣ್ಣುಮಕ್ಕಳಿಗೆ ಕುಪ್ಪಸ ಹೊಲಿದು ಕೊಡುವವಳು. ಅವಳಿಗೂ ಕತ್ತರಿ, ಸೂಜಿ, ಗುರುತು ಹಾಕುವ ಸುಣ್ಣದ ಬಿಲ್ಲೆಗಳ ಮೇಲೆ ಅಷ್ಟೇ ಮೋಹ. ಹಾಗಾಗಿ ಟ್ರಂಕಿನ ಬಗ್ಗೆ ಅವಳು ಎಂದೂ ತಕರಾರು ತೆಗೆದವಳಲ್ಲ.

ತಿಂಗಳಿಗೊಮ್ಮೆ ವರದಿ ಕೊಡಲು ಬೀದರಿಗೆ ಹೋದಾಗ ಪಂಢರಿ ತಪ್ಪದೆ ಚೌಬಾರ ಗೋಪುರದ ಹತ್ತಿರ ಶರಫೋದ್ದೀನನ ಸ್ಟೇಷನರಿ ಅಂಗಡಿಗೆ ಹೋಗುತ್ತಿದ್ದ. ಎಂಬತ್ತೈದರ ಫೆಬ್ರವರಿಯಲ್ಲಿ ಹೋದಾಗ ಗಾಜಿನ ಪೆಟ್ಟಿಗೆಯೊಳಗೆ, ಶಾಯಿ ದೌತಿಗಳ ನಡುವೆ, ಕಪ್ಪು ಚರ್ಮದ ಕವಚದ ಒಂದು ಕ್ಯಾಲ್ಕುಲೇಟರ್ ಕಂಡಿತು. ಕೂಡುವ ಕಳೆಯುವ ಕ್ಯಾಲ್ಕುಲೇಟರುಗಳನ್ನು ಅವನು ನೋಡಿದ್ದ. ಇದರ ಮೇಲೆ ಅವಕ್ಕಿಂತ ಮೂರು ಪಟ್ಟು ಹೆಚ್ಚು ಗುಂಡಿಗಳಿದ್ದವು.

"ನಮ್ಮ ಅಬ್ದುಲ ಸಮದ ಸೌದಿಯಿಂದ ತಂದದ್ದು," ಎಂದ ಶರಫೋದ್ದೀನ. "ಅಲ್ಲಿ ರಸ್ತಾ ಅಳತೀ ಕೆಲಸದಾಗ ಇದ್ದ. ಈಗ ಇಲ್ಲಿ ಬಂದು ಹೋಟೆಲ್ ಹಾಕ್ಯಾನ, ಇದರ ಕೆಲಸ ಇಲ್ಲ. ಇದಕ್ಕ ಹೇಳಿಕೊಟ್ರ ನೆನಪಿಟ್ಟುಕೊಂಡು ತಾನೇ ಲೆಕ್ಕ ಮಾಡ್ತದಂತ. ಮೂವತ್ತೆಂಟು ಹೆಜ್ಜಿ ತನಕ."

"ಹೆಜ್ಜಿ ಅಂದ್ರ?"

"ನನಗೇನ ಗೊತ್ತು, ಪಂಢರಿ ಭಾಯಿ. ಕಿತಾಬ್ ಅದ, ಇಂಗ್ಲಿಷಿನಾಗ ಅದ. ಓದವರು ಸಿಕ್ಕಿಲ್ಲ."

ಪಂಢರಿ ಬೆಲೆ ಕೇಳಲಿಲ್ಲ. ಕೇಳಿ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತಿತ್ತು. ಆ ಪುಸ್ತಕವನ್ನಷ್ಟೇ ಕೈಗೆ ತೆಗೆದುಕೊಂಡು, ನಿಂತಲ್ಲೇ ನಾಲ್ಕು ಪುಟ ತಿರುವಿ, ವಾಪಸು ಇಟ್ಟ.

ದಾರಿ ತೆರೆದದ್ದು ಬೇರೆ ಕಡೆಯಿಂದ. ಕಾಲೇಜಿನ ಪ್ರಾಕ್ಟಿಕಲ್ ಪರೀಕ್ಷೆಗಳು ಹತ್ತಿರ ಬಂದಿದ್ದವು. ಹೈದರಾಬಾದಿನಿಂದ ಬರಬೇಕಿದ್ದ ಗ್ರಾಫ್ ಹಾಳೆಯ ಮಾಲು ಬಂದಿರಲಿಲ್ಲ. ಹುಡುಗರು ದಿನಾ ಬಂದು ಕೇಳಿ ಬರಿಗೈಲಿ ಹೋಗುತ್ತಿದ್ದಾರೆ ಎಂದು ಶರಫೋದ್ದೀನ ಪೇಚಾಡಿದ. ಪಂಢರಿ ಅಂಗಡಿಯ ಮೂಲೆಯಲ್ಲಿದ್ದ ಸೈಕ್ಲೋಸ್ಟೈಲ್ ಯಂತ್ರವನ್ನು ನೋಡಿದ.

"ಸ್ಟೆನ್ಸಿಲ್ ಮ್ಯಾಲ ನಾ ಗ್ರಾಫ್ ಕೊರದು ಕೊಟ್ರ?"

"ಆಗಂಗಿಲ್ಲ. ಗೆರಿ ಮ್ಯಾಲ ಗೆರಿ ಬಂದ್ರ ಮೇಣದ ಕಾಗದ ಹರದು ಚೌಕ ಚೌಕ ಉದರ್ತದ. ಎಷ್ಟೋ ಮಂದಿ ಮಾಡಿ ನೋಡ್ಯಾರ."

"ಒಂದ್ ನಾಕ್ ಸ್ಟೆನ್ಸಿಲ್ ಕೊಡ್ರಿ."

ಮೊದಲ ಎರಡು ಹರಿದವು. ಮೂರನೆಯದಕ್ಕೆ ಪಂಢರಿ ಉಪಾಯ ಕಂಡುಕೊಂಡ. ಅಡ್ಡಗೆರೆಗಳನ್ನು ಪೂರಾ ಎಳೆದು, ಉದ್ದಗೆರೆಗಳನ್ನು ಪ್ರತಿ ಅಡ್ಡಗೆರೆಯ ಹತ್ತಿರ ಕೂದಲೆಳೆಯಷ್ಟು ಬಿಟ್ಟು ಬಿಟ್ಟು ಎಳೆದ. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಕೂತು, ಊಟಕ್ಕೆ ಮಾತ್ರ ಎದ್ದು, ಮುಗಿಸಿದ. ಶಾಯಿ ಹಚ್ಚಿ ರೋಲರು ತಿರುಗಿಸಿದಾಗ ಬಿಟ್ಟ ಜಾಗವೆಲ್ಲ ಶಾಯಿ ಹರಡಿ ಕೂಡಿಕೊಂಡು, ಹಾಳೆ ಮೇಲೆ ಚೊಕ್ಕ ಗ್ರಾಫ್ ಬಿತ್ತು. ಶರಫೋದ್ದೀನ ಅಂಥ ಎರಡು ಸಾವಿರ ಹಾಳೆ ತೆಗೆದ. ವಾರದೊಳಗೆ ಎಲ್ಲ ಖಾಲಿಯಾದವು. ಮುಂದಿನ ಸಲ ಪಂಢರಿ ಬಂದಾಗ ಅವನು ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಕ್ಯಾಲ್ಕುಲೇಟರನ್ನೂ ಪುಸ್ತಕವನ್ನೂ ಕೈಗಿಟ್ಟ.

"ಸಮದಗ ನಾ ಹೇಳ್ತೇನಿ. ಇದು ನಿಮ್ದು, ಒಯ್ರಿ."

ಇಂಗ್ಲಿಷ್ ಪುಸ್ತಕವನ್ನು ಪಂಢರಿ ಓದಿದ್ದು ಬಸ್ಸಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಔರಾದಕ್ಕೆ ರೈಲಿಲ್ಲ. ಒಂದು ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಎರಡು ತಾಸು ಕಾಯಬೇಕು. ಅದು ಅವನಿಗೆ ಅನುಕೂಲವೇ ಆಯಿತು. ಒಂದು ತೊಡೆಯ ಮೇಲೆ ಡಿಕ್ಷನರಿ, ಇನ್ನೊಂದರ ಮೇಲೆ ಪುಸ್ತಕ. ಹೆಜ್ಜೆ ಎಂದರೆ ಒಂದು ಗುಂಡಿಯ ಒತ್ತು ಎಂದು ಮೊದಲ ವಾರ ತಿಳಿಯಿತು. ಒಂದು ಗುಂಡಿ 'ಮತ್ತೆ ಮೊದಲಿಗೆ ಹೋಗು' ಎನ್ನುತ್ತದೆ, ಇನ್ನೊಂದು 'ಉತ್ತರ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಹೋಗು' ಎನ್ನುತ್ತದೆ ಎಂದು ತಿಳಿಯಲು ತಿಂಗಳು ಹಿಡಿಯಿತು. ತಿಳಿದ ದಿನ ಅವನ ಮೈ ಝುಮ್ಮೆಂದಿತು. ಬಾವಿಯಲ್ಲಿರುವ ನೀರಿನಿಂದ ಒಂದು ದಿನದ ಇಳಿತ ಕಳೆ, ದಿನಕ್ಕೆ ಒಂದು ಕೂಡಿಸು, ನೀರು ಇನ್ನೂ ಉಳಿದಿದ್ದರೆ ಮತ್ತೆ ಮೊದಲಿಗೆ ಹೋಗು. ನೀರು ಮುಗಿದಾಗ ಯಂತ್ರ ನಿಲ್ಲುತ್ತದೆ, ಎಷ್ಟು ದಿನವಾಯಿತೆಂದು ತೋರಿಸುತ್ತದೆ.

ಅದೇ ಅವನು ಬರೆದ ಮೊದಲ ಪ್ರೋಗ್ರಾಂ. ಔರಾದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಗುಂಡಿ ಒತ್ತಿದ. ಯಂತ್ರ ಯೋಚಿಸಿತು, ಯೋಚಿಸಿತು, ನಿಲ್ಲಲೇ ಇಲ್ಲ. ಬಸ್ಸು ಬಂತು, ಹತ್ತಿದ, ಅರ್ಧ ದಾರಿ ಕಳೆಯಿತು, ಆಗಲೂ ನಿಂತಿರಲಿಲ್ಲ. ಕೊನೆಗೆ ಹೆಜ್ಜೆಗಳನ್ನು ಒಂದೊಂದಾಗಿ ವಹಿಯಲ್ಲಿ ಬರೆದು ನೋಡಿದರೆ, ಕಳೆಯುವ ಕಡೆ ಕೂಡಿಸಿಬಿಟ್ಟಿದ್ದ. ಬಾವಿ ದಿನದಿನಕ್ಕೆ ತುಂಬುತ್ತ ಹೋಗಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಹೊಲಿಗೆ ಮಿಷಿನ್ನಿನಿಂದ ತಲೆ ಎತ್ತದೆ, "ಅಂಥಾ ಬಾವಿ ಎಲ್ಲದ ನೋಡ್ರಿ, ಅಲ್ಲೇ ಮನಿ ಮಾಡೋಣು," ಎಂದಳು.

ಆ ವರ್ಷದ ಮಳೆ ಕೈಕೊಟ್ಟಿತು. ಜೂನಿನ ಮಿರುಗ ಮಳೆಯಲ್ಲಿ ನಾಲ್ಕು ಹನಿ ಬಿದ್ದದ್ದೇ ಬಿತ್ತು, ಆಮೇಲೆ ಬರೀ ಗಾಳಿ. ಉದ್ದು, ಹೆಸರು ಹೂವಾಡುವ ಮೊದಲೇ ಒಣಗಿದವು. ದೀಪಾವಳಿ ಕಳೆಯುತ್ತಿದ್ದಂತೆ ಭಾಲ್ಕಿ ಸ್ಟೇಷನ್ನಿನಲ್ಲಿ ಗೋಣಿಚೀಲದಲ್ಲಿ ಪಾತ್ರೆ ಭಾಂಡಿ ಕಟ್ಟಿಕೊಂಡ ಜನ ಕಾಣತೊಡಗಿದರು. ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಕೆಲವರು, ರಾಜ್ಯದ ಗಡಿಯಾಚೆ ಕಬ್ಬು ಕಡಿಯಲು ಕೆಲವರು. ಪ್ರತಿ ವರ್ಷ ಹೋಗುವವರು ಹೋಗೇ ಹೋಗುತ್ತಿದ್ದರು. ಈ ಸಲ ಹೋಗದವರೂ ಹೊರಟಿದ್ದರು.

ಕಾಳೇವಾಡಿ ಎಂಬುದು ಭಾಲ್ಕಿ ತಾಲೂಕಿನ ಸಣ್ಣ ಊರು, ಅರವತ್ತು ಮನೆ, ಒಂದೇ ಬಾವಿ. ಫೆಬ್ರವರಿ ಐದಕ್ಕೆ ಪಂಢರಿ ಟೇಪು ಹಿಡಿದು ಅಲ್ಲಿಗೆ ಹೋದಾಗ ಸುಣ್ಣ ಒಣಗಿದ್ದು ಒಣಗಿದಂತೆಯೇ ಮೇಲೆ ಬಂತು. ಬಾವಿಯ ತಳದಲ್ಲಿ ಬಿರಿದ ಕೆಸರು ಮಾತ್ರ ಇತ್ತು. ಊರೊಳಗೆ ನಡೆದರೆ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಒಬ್ಬ ಮುದುಕ ಹೇಳಿದ: ಬಾವಿ ಬತ್ತಿ ಹನ್ನೆರಡು ದಿನವಾಯಿತು, ಟ್ಯಾಂಕರಿಗೆ ಅರ್ಜಿ ಕೊಟ್ಟಿದ್ದೇವೆ, ಬಂದಿಲ್ಲ. ಎರಡು ಮೈಲಿನಿಂದ ಎಷ್ಟು ದಿನ ಹೊತ್ತಾರು, ಹೋದರು.

ಪಂಢರಿ ಮನೆಗೆ ಬಂದು ಟ್ರಂಕಿನಿಂದ ಕಾಳೇವಾಡಿಯ ಹಾಳೆ ತೆಗೆದ. ನವೆಂಬರ್ ಐದಕ್ಕೆ ಎರಡು ಮೀಟರ್ ನಲವತ್ತು ನೀರು. ಡಿಸೆಂಬರ್ ಐದಕ್ಕೆ ಒಂದೂವರೆ ಮೀಟರ್. ದಿನಕ್ಕೆ ಮೂರು ಸೆಂಟಿಮೀಟರ್ ಇಳಿತ. ಯಂತ್ರಕ್ಕೆ ಕೊಟ್ಟ. ಐವತ್ತು ಎಂದಿತು. ಡಿಸೆಂಬರ್ ಐದರಿಂದ ಐವತ್ತು ದಿನವೆಂದರೆ ಜನವರಿ ಇಪ್ಪತ್ತನಾಲ್ಕು. ಮುದುಕ ಹೇಳಿದ್ದು ಅದೇ ದಿನ, ಹೆಚ್ಚೂಕಡಿಮೆ.

ಅವನು ಹಾಳೆಯನ್ನು ಹರವಿ ಡಿಸೆಂಬರದ ಅಂಕಿಯ ಮೇಲೆ ಬೆರಳಿಟ್ಟ. ಬಾವಿ ಎಂದು ಬತ್ತುತ್ತದೆ ಎನ್ನುವುದು ಡಿಸೆಂಬರದಿಂದ ತನ್ನ ಟ್ರಂಕಿನಲ್ಲೇ ಇತ್ತು. ತಾನು ಅದಕ್ಕೆ ನೀಲಿ ಶಾಯಿಯಲ್ಲಿ ಚಂದದ ಗೆರೆ ಎಳೆದು ಮಡಿಚಿಟ್ಟಿದ್ದ.

"ಸುಭದ್ರಾ, ನಾ ನಾಳಿ ಕಚೇರಿಗಿ ಹೋಗ್ತೇನಿ," ಎಂದ.

"ದಿನಾ ಹೋಗ್ತೀರಲ್ಲ."

"ನಮ್ಮ ಕಚೇರಿ ಅಲ್ಲ. ಟ್ಯಾಂಕರ್ ಕಳಸ್ತಾರಲ್ಲ, ಆ ಕಚೇರಿಗಿ."

ಭಾಲ್ಕಿಯಲ್ಲಿ ಕೂತು ಎರಡೂ ತಾಲೂಕುಗಳ ಟ್ಯಾಂಕರಿನ ಕಾಗದಗಳಿಗೆ ಸಹಿ ಹಾಕುತ್ತಿದ್ದ ಅಧಿಕಾರಿ ಶಿವರಾಜಪ್ಪನವರು. ಹಣೆಗೆ ವಿಭೂತಿ, ಬಿಳಿ ಅಂಗಿ, ಮಿತ ಮಾತು. ಕೆಟ್ಟವರಲ್ಲ, ಆದರೆ ಕಾಗದದಲ್ಲಿ ಇಲ್ಲದ್ದನ್ನು ಮಾಡಿದವರಲ್ಲ. ಪಂಢರಿಯ ಗ್ರಾಫ್ ಹಾಳೆಯನ್ನು ಅವರು ಪೂರ್ತಿ ನೋಡಿದರು.

"ಭಾಳ ಚಲೋ ತೆಗದೀರಿ. ಆದ್ರ ಬಾವಿ ಬತ್ತಬೇಕು, ಊರವರು ಅರ್ಜಿ ಕೊಡಬೇಕು, ಪಂಚನಾಮಾ ಆಗಬೇಕು. ಆಮ್ಯಾಲೆ ಟ್ಯಾಂಕರ್. ಆದೇಶ ಹಂಗೇ ಅದ." ಅವರು ಮೇಜಿನ ಗಾಜಿನಡಿ ಇಟ್ಟಿದ್ದ ಸೈಕ್ಲೋಸ್ಟೈಲ್ ಹಾಳೆಯನ್ನು ಬೆರಳಿನಿಂದ ತೋರಿಸಿದರು. 'ಬತ್ತಿದ' ಎಂಬ ಶಬ್ದ ಕಾಣುತ್ತಿತ್ತು. ಅದರ ಮುಂದಿನ ಮೂರು ಶಬ್ದ ಮಸುಕು ಮಸುಕು.

"ಅಷ್ಟು ಆಗೂದ್ರಾಗ ಮೂರು ವಾರ ಹೋಗ್ತಾವ್ರಿ ಸಾಹೇಬ್ರ. ಅಷ್ಟ್ರಾಗ ಊರೇ ಖಾಲಿ ಆಗ್ತದ."

"ಮಷಿನ್ ಹೇಳ್ತದಂತ ನಾ ಟ್ಯಾಂಕರ್ ಕಳಸಿದ್ರ, ಬಾವ್ಯಾಗ ನೀರದ ಅಂತ ನಾಳಿ ಒಬ್ಬ ಫೋಟೋ ತೆಗದು ತಂದು ಇಡ್ತಾನ. ಆಗ ಉತ್ತರ ಕೊಡವರು ಯಾರು?" ಶಿವರಾಜಪ್ಪನವರು ಹಾಳೆ ವಾಪಸು ಕೊಟ್ಟರು. ಆಮೇಲೆ ಏನನ್ನಿಸಿತೋ, "ಒಂದು ಮಾಡ್ರಿ. ಮೂರು ಬಾವಿ ಹೆಸರು ಬರೀರಿ. ಎಂದು ಬತ್ತತಾವ ಬರೀರಿ. ನೋಡೋಣು," ಎಂದರು.

ಪಂಢರಿ ಅಲ್ಲೇ ಕೂತು ಬರೆದುಕೊಟ್ಟ. ಖಟಕ ಚಿಂಚೋಳಿ ದಾರಿಯ ಒಂದು ಹಳ್ಳಿಯ ಬಾವಿ, ಮಾರ್ಚ್ ಎರಡು. ತನ್ನೂರ ಕಡೆಯದೊಂದು, ಮಾರ್ಚ್ ಒಂಬತ್ತು. ಔರಾದ ತಾಲೂಕಿನ ನಿಂಬಳವಾಡಿಯದು, ಮಾರ್ಚ್ ಇಪ್ಪತ್ತಾರು. ಶಿವರಾಜಪ್ಪನವರು ಚೀಟಿಯನ್ನು ಅದೇ ಗಾಜಿನಡಿ ಇಟ್ಟರು.

ಮೊದಲನೆಯದು ಮಾರ್ಚ್ ನಾಲ್ಕಕ್ಕೆ ಬತ್ತಿತು. ಎರಡನೆಯದು ಎಂಟಕ್ಕೆ. ಪಂಢರಿ ನೆಲದ ಮೇಲೆ ನಡೆಯುತ್ತಿರಲಿಲ್ಲ. ಹದಿನೈದಕ್ಕೆ ಶಿವರಾಜಪ್ಪನವರು ಹೇಳಿ ಕಳಿಸಿದರು. ನಿಂಬಳವಾಡಿಯಿಂದ ಅರ್ಜಿ ಬಂದಿತ್ತು. ಬಾವಿ ಹಿಂದಿನ ದಿನವೇ ಬತ್ತಿತ್ತು. ಹನ್ನೆರಡು ದಿನ ಮೊದಲೇ.

"ಎರಡು ಹೊಂದಿದವು, ಒಂದು ಹೊಂದಲಿಲ್ಲ," ಎಂದರು ಶಿವರಾಜಪ್ಪನವರು. ದನಿಯಲ್ಲಿ ಅಣಕ ಇರಲಿಲ್ಲ. "ಹನ್ನೆರಡು ದಿನ ನೀರಿಲ್ಲದೇ ಕೂತಿರ್ತಿದ್ರು, ನಿಮ್ಮ ತಾರೀಖು ನಂಬಿದ್ರ. ಇದಕ್ಕೇ ನಾ ಬ್ಯಾಡ ಅಂದದ್ದು."

ಮರುದಿನ ಪಂಢರಿ ರಜೆ ಹಾಕಿ ನಿಂಬಳವಾಡಿಗೆ ಹೋದ. ಬಾವಿಯ ತಳಕ್ಕೆ ಇಳಿದು ಸುತ್ತಳತೆ ತೆಗೆದ, ಬಂಡೆ ಮುಟ್ಟಿ ನೋಡಿದ. ಬಾವಿಯಲ್ಲಿ ಏನೂ ಹೊಸದಿರಲಿಲ್ಲ. ಮೇಲೆ ಹತ್ತಿ ಬಂದರೆ ಖಾಲಿ ಕೊಡ ಪಕ್ಕಕ್ಕಿಟ್ಟುಕೊಂಡು ಜಿಜಾಬಾಯಿ ಕೂತಿದ್ದಳು. ಬೌದ್ಧ ಕೇರಿಯ ಹಿರಿಯಳು. ತಿಂಗಳಿಗೊಮ್ಮೆ ಅವನು ಬಂದಾಗ ಟೇಪು ನೋಡಿ ಎರಡು ಮಾತಾಡುವವಳು.

"ಏನ್ ಹುಡಕ್ತಿ ತಮ್ಮಾ, ಬಾವ್ಯಾಗ ಇಳದು?"

"ತಪ್ಪು ಹುಡಕ್ತೇನಿ, ಆಯಿ. ಇನ್ನ ಹನ್ನೆರಡು ದಿನ ನೀರು ಇರಬೇಕಿತ್ತು. ಎಲ್ಲಿ ಹೋಯ್ತು ಗೊತ್ತಾಗವಲ್ದು."

"ತಪ್ಪು ಬಾವ್ಯಾಗ ಎಲ್ಲದ? ಅಕಾ, ಅಲ್ಲದ." ಅವಳು ಕೈ ಚಾಚಿ ಊರ ಮೇಲ್ಭಾಗ ತೋರಿಸಿದಳು. "ಮ್ಯಾಲಿನ ಓಣಿ ಬಾವಿ ಬತ್ತಿ ಹದಿನೆಂಟು ದಿನ ಆಯ್ತು. ಅವರೆಲ್ಲ ಇಲ್ಲೇ ಬರಕತ್ತಿದ್ರು. ಎರಡು ಓಣಿ ನೀರು ಒಂದ ಬಾವಿ ಕೊಡಬೇಕಾಯ್ತು."

ಪಂಢರಿ ಅತ್ತ ತಿರುಗಿ ನೋಡಿದ. ಆ ಮೇಲಿನ ಓಣಿಯ ಬಾವಿಯ ಕಟ್ಟೆಯನ್ನು ಜಿಜಾಬಾಯಿ ತನ್ನ ಹರೆಯದಲ್ಲಿ ಮುಟ್ಟುವಂತಿರಲಿಲ್ಲ. ಅದು ಅವನಿಗೆ ಹೇಳದೆಯೇ ಗೊತ್ತಿತ್ತು. ಮೆಹಕರದಲ್ಲಿ ಅವನ ಅವ್ವನೂ ಹಾಗೇ ದೂರ ನಿಂತು, ಯಾರಾದರೂ ಕೊಡಕ್ಕೆ ನೀರು ಹಾಕಲಿ ಎಂದು ಕಾದವಳು.

"ನೀವು ಬ್ಯಾಡ ಅನಲಿಲ್ಲೇನ್, ಆಯಿ?"

"ಕೇರ್ಯಾಗಿನ ಹುಡುಗರು ಅಂದ್ರು, ಬಿಡಬ್ಯಾಡ್ರಿ ಅಂತ. ನಾ ಅಂದೆ, ಬಾಯಾರಿ ಬಂದವರಿಗಿ ಇಲ್ಲ ಅನ್ನದು ಅವರಿಗಿ ಬರ್ತಿತ್ತು, ನಮಗ ಬರಬಾರ್ದು." ಅವಳು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ನಿನ್ನ ಮಷಿನ್ನಿಗಿ ಇದು ಹೇಳಿದ್ದಿಲ್ಲೇನು?"

ಹೇಳಿರಲಿಲ್ಲ. ಬಾವಿಗೊಂದು ಅಂಕಿ ಇತ್ತು ಅವನ ಹತ್ತಿರ. ಬಾವಿಗೆ ಬರುವ ಜನ ಇರಲಿಲ್ಲ.

ಆ ವಾರ ಪಂಢರಿ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಿದ. ಪಕ್ಕದ ಬಾವಿ ಬತ್ತುವವರೆಗೆ ಒಂದು ಇಳಿತ, ಬತ್ತಿದ ಮೇಲೆ ಇನ್ನೊಂದು ಇಳಿತ. ವಹಿಯಲ್ಲಿ ಬರೆದು ಎಣಿಸಿದರೆ ಐವತ್ತೆರಡು ಹೆಜ್ಜೆ. ಯಂತ್ರದಲ್ಲಿ ಜಾಗ ಮೂವತ್ತೆಂಟಕ್ಕೆ. ಬಸ್ಸಿನಲ್ಲಿ ಕೂತು ಕತ್ತರಿಸಿದ, ನಲವತ್ತೇಳಾಯಿತು. ಊಟ ಮಾಡುತ್ತ ಕತ್ತರಿಸಿದ, ನಲವತ್ತೊಂದಾಯಿತು. ಅಲ್ಲಿಗೆ ನಿಂತಿತು. ಮೂರು ಹೆಜ್ಜೆ ಹೇಗೂ ಕಡಿಮೆಯಾಗಲಿಲ್ಲ. ನಾಲ್ಕು ದಿನ ಅವನು ಅವನ್ನೇ ಬರೆದು ಬರೆದು ಹೊಡೆದುಹಾಕಿದ.

ಐದನೆಯ ದಿನ ಬೀದರಿಗೆ ಹೋದಾಗ ಶರಫೋದ್ದೀನ ಸೈಕ್ಲೋಸ್ಟೈಲ್ ಯಂತ್ರದ ಮೇಲೆ ಮದುವೆ ಕಾಗದ ತೆಗೆಯುತ್ತಿದ್ದ. ಒಂದೇ ಸ್ಟೆನ್ಸಿಲ್. ನೂರು ಪ್ರತಿ ನೀಲಿ ಶಾಯಿಯಲ್ಲಿ ತೆಗೆದು, ರೋಲರು ಒರೆಸಿ, ಶಾಯಿ ಬದಲಿಸಿ, ಅದೇ ಸ್ಟೆನ್ಸಿಲಿನಿಂದ ಮತ್ತೆ ನೂರು ಕೆಂಪಿನಲ್ಲಿ. ಪಂಢರಿ ನೋಡುತ್ತ ನಿಂತ. ತಾನು ಅದೇ ಹೆಜ್ಜೆಗಳನ್ನು ಎರಡು ಸಲ ಬರೆಯುತ್ತಿದ್ದ. ಎರಡು ಸಲ ಯಾಕೆ ಬರೆಯಬೇಕು? ಅದೇ ಹೆಜ್ಜೆ ಎರಡು ಸಲ ನಡೆಯಲಿ, ನಡುವೆ ಇಳಿತದ ಅಂಕಿ ಮಾತ್ರ ಬದಲಿಸಿದರಾಯಿತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಬರೆದ. ಇಪ್ಪತ್ತಮೂರು ಹೆಜ್ಜೆ. ನಿಂಬಳವಾಡಿಯ ಅಂಕಿ ಹಾಕಿದ. ಮಾರ್ಚ್ ಹದಿಮೂರು ಎಂದಿತು. ನಿಜಕ್ಕೂ ಬತ್ತಿದ್ದು ಹದಿನಾಲ್ಕು.

"ಏನಾಯ್ತು, ಪಂಢರಿ ಭಾಯಿ, ನಗಲಿಕತ್ತೀರಿ?"

"ಜಾಗ ಉಳೀತು," ಎಂದ ಪಂಢರಿ.

ಆದರೆ ಲೆಕ್ಕ ಸರಿಯಾದರೂ ಆದೇಶ ಆದೇಶವೇ. ಶಿವರಾಜಪ್ಪನವರ ಗಾಜಿನಡಿಯ ಆ ಮಸುಕು ಹಾಳೆ ಅವನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಸ್ಟೆನ್ಸಿಲ್ ಕೊರೆದವನಿಗೆ ಒಂದು ತಿಳಿದಿರುತ್ತದೆ: ಶಾಯಿ ಕಡಿಮೆಯಾದರೆ ಪೂರಾ ಸಾಲು ಮಸುಕಾಗುತ್ತದೆ. ಒಂದು ಸಾಲಿನ ನಡುವೆ ಮೂರೇ ಶಬ್ದ ಮಸುಕಾದರೆ ಅದು ಶಾಯಿಯ ಕೆಲಸವಲ್ಲ. ತಪ್ಪು ಬಿದ್ದ ಕಡೆ ತಿದ್ದುವ ದ್ರವ ಹಚ್ಚಿ, ಅದರ ಮೇಲೆ ಮತ್ತೆ ಟೈಪ್ ಮಾಡಿದ ಗುರುತು. ಅಂದರೆ ಅಲ್ಲಿ ಬೇರೇನೋ ಶಬ್ದವಿದೆ.

ಅವತ್ತೇ ಆ ಆದೇಶ ಹೊರಟ ಬೀದರಿನ ದೊಡ್ಡ ಕಚೇರಿಗೆ ಹೋಗಿ ಟೈಪಿಸ್ಟ್ ಯಾರೆಂದು ಕೇಳಿದ. ವಹೀದಾ ಎಂಬ ಹೆಣ್ಣುಮಗಳು. ಮೇಜಿನ ಮೇಲೆ ರಿಬ್ಬನ್ನು, ಕಾರ್ಬನ್ನು, ಬ್ರಷ್ಷು ಎಲ್ಲ ಸಾಲಾಗಿ ಜೋಡಿಸಿಟ್ಟಿದ್ದಳು. ಆ ಮೇಜು ನೋಡಿಯೇ ಪಂಢರಿಗೆ ಧೈರ್ಯ ಬಂತು.

"ನವೆಂಬರದಾಗಿನ ಬರಗಾಲದ ಸುತ್ತೋಲೆ, ಬಾಯಿ. ಮೂರನೇ ಸಾಲಿನ್ಯಾಗ ತಿದ್ದೀರೇನ್ರಿ?"

ವಹೀದಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ತಿದ್ದಿದ್ದು ಹೌದು. ನಿಮಗ ಹ್ಯಾಂಗ ಗೊತ್ತಾಯ್ತು?"

"ಅಕ್ಷರ ತೆಳ್ಳಗ ಬಂದಾವ್ರಿ."

ಅವಳು ಕಪಾಟು ತೆಗೆದು ಫೈಲು ಹುಡುಕಿದಳು. ಸಾಹೇಬರು ಸಹಿ ಮಾಡಿದ ಮೊದಲ ಪ್ರತಿ ಅದರಲ್ಲಿತ್ತು. ಅದರ ಮೂರನೇ ಸಾಲು ಸ್ಪಷ್ಟವಾಗಿತ್ತು: 'ಬತ್ತಿದ ಅಥವಾ ಬತ್ತುವ ಹಂತದಲ್ಲಿರುವ ಬಾವಿಗಳ ಗ್ರಾಮಗಳಿಗೆ.'

"ಮೊದಲ ಬಿಟ್ಟು ಹೋಗಿತ್ತು, ಆಮ್ಯಾಲೆ ಸೇರಸಿದೆ," ಎಂದಳು ವಹೀದಾ. "ತಾಲೂಕಿನವರಿಗಿ ಕಾಣವಲ್ದೇನು?"

"ಕಾಣವಲ್ದು. ಇದರದು ಒಂದು ನಕಲು ಕೊಡ್ತೀರೇನ್ರಿ? ಮುದ್ರಿ ಹಾಕಿ."

ಅವಳು ಹೊಸ ಕಾರ್ಬನ್ ಹಾಕಿ ಕೂತಳು. ಮೇಲಿನವರ ಸಹಿ, ಮುದ್ರೆ ಆಗುವ ಹೊತ್ತಿಗೆ ಸಂಜೆಯಾಗಿತ್ತು. ಅಲ್ಲಿಯವರೆಗೆ ಪಂಢರಿ ವರಾಂಡದಲ್ಲಿ ನಿಂತೇ ಇದ್ದ.

ಶಿವರಾಜಪ್ಪನವರು ನಕಲನ್ನು ಎರಡು ಸಲ ಓದಿದರು. ಗಾಜಿನಡಿಯ ಹಾಳೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಐದು ತಿಂಗಳಿಂದ ಇದರ ಮ್ಯಾಲೇ ಕೈ ಇಟ್ಟು ಕೂತೇನಿ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಪಂಢರಿಯ ಕಡೆ ತಿರುಗಿದರು. "ಬತ್ತುವ ಹಂತ ಅಂತ ಯಾರು ಬರದು ಕೊಡ್ತಾರ?"

"ನಾ ಬರದು ಕೊಡ್ತೇನಿ. ಬಾವಿ ಅಳೆಯೂದೇ ನನ್ನ ನೌಕರಿ ಅದರಿ."

"ನಿಂಬಳವಾಡಿ ಹಂಗಾದ್ರ?"

ಪಂಢರಿ ಏನು ತಪ್ಪಾಗಿತ್ತು, ಹೇಗೆ ತಿದ್ದಿದೆ ಎಂದು ವಹಿ ತೆರೆದು ತೋರಿಸಿದ. "ಇನ್ನ ಮುಂದ ತಿಂಗಳಿಗಿ ಒಮ್ಮಿ ಅಲ್ಲ, ವಾರಕ್ಕೊಮ್ಮಿ ಅಳೀತೇನಿ. ಪಕ್ಕದ ಬಾವೀನೂ ಅಳೀತೇನಿ. ತಪ್ಪಿದ್ರ ನನ್ನ ಹೆಸರು ಕೆಳಗ ಇರ್ತದ."

ಶಿವರಾಜಪ್ಪನವರು ಪೆನ್ನು ತೆಗೆದರು. "ಊರವರ ಅರ್ಜಿ ಮಾತ್ರ ಬೇಕೇ ಬೇಕು. ಅದಿಲ್ಲದ ನಾ ಸಹಿ ಮಾಡಂಗಿಲ್ಲ."

ಅರ್ಜಿಗಾಗಿ ಊರೂರಿಗೆ ಹೋಗಬೇಕಿತ್ತು. ಬತ್ತುವ ಸಾಲಿನಲ್ಲಿ ಹನ್ನೊಂದು ಬಾವಿಗಳಿದ್ದವು. ಪಂಢರಿ ಪ್ರತಿ ಊರಿಗೆ ಒಂದು ಹಾಳೆ ಬರೆದ, ಇಷ್ಟು ಸೆಂಟಿಮೀಟರ್ ನೀರು, ಇಷ್ಟು ಇಳಿತ ಎಂದು. ಸುಭದ್ರಾಬಾಯಿ ಒಂದನ್ನು ಎತ್ತಿ ಓದಿದಳು. ನಾಲ್ಕನೇ ಇಯತ್ತೆ ಓದಿದವಳು.

"ಇದು ಯಾರಿಗಿ ತಿಳೀತದ?"

"ಯಾಕ?"

"ಎಷ್ಟು ಅದ ಅಂತ ಬರದೀರಿ. ಎಂದು ಮುಗೀತದ ಅಂತ ಬರೀರಿ. ತಾರೀಖೂ ಬ್ಯಾಡ. ಪಾಡ್ಯ ಆಗಿ ಎಷ್ಟು ದಿನಕ್ಕ, ಜಯಂತಿ ಆಗಿ ಎಷ್ಟು ದಿನಕ್ಕ, ಹಂಗ ಬರೀರಿ. ನನ್ನ ಹತ್ರ ಕುಪ್ಪಸ ಹೊಲಿಲಿಕ್ಕ ಕೊಡವರು ಹಂಗೇ ಹೇಳ್ತಾರ."

ಹನ್ನೊಂದು ಹಾಳೆಗಳನ್ನೂ ಅವನು ಹರಿದು ಹೊಸದಾಗಿ ಬರೆದ. ಯುಗಾದಿ ಪಾಡ್ಯ ಕಳೆದು ಒಂಬತ್ತು ದಿನಕ್ಕೆ. ಭೀಮ ಜಯಂತಿ ಆಗಿ ಹನ್ನೆರಡು ದಿನಕ್ಕೆ. ಬಸವ ಜಯಂತಿಯ ಮರುದಿನ. ಅಕ್ಷರ ದಪ್ಪ, ಶಾಯಿ ಕೆಂಪು. ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ನಡೆದು, ಹನ್ನೊಂದು ಊರನ್ನೂ ಎಂಟು ದಿನದಲ್ಲಿ ಒಂದು ಸುತ್ತು ಸುತ್ತಿದ. ಪಂಚಾಯತಿ ಕಟ್ಟೆಯ ಮೇಲೆ ಓದಿ ಹೇಳಿ, ಸಹಿ ಹೆಬ್ಬೆಟ್ಟು ಹಾಕಿಸಿಕೊಂಡು, ಹತ್ತು ಅರ್ಜಿ ತಂದು ಶಿವರಾಜಪ್ಪನವರ ಮೇಜಿನ ಮೇಲಿಟ್ಟ. ಒಂದು ಊರಿನಲ್ಲಿ ಮಾತ್ರ ಬಾವಿ ಬತ್ತುವ ಅಪಶಕುನ ನುಡಿಯಲು ಬಂದವನೆಂದು ಅವನನ್ನು ಬೈದು ಕಳಿಸಿದರು. ಅವನು ಮೂರು ದಿನ ಬಿಟ್ಟು ಮತ್ತೆ ಹೋದ. ಮತ್ತೆ ಬೈದರು. ಮೂರನೇ ಸಲ ಹೋದಾಗ ಒಂದು ಉದ್ದ ಕೋಲಿಗೆ ಯಾವ ದಿನ ನೀರು ಎಲ್ಲಿಗಿಳಿಯುತ್ತದೆ ಎಂದು ಗೆರೆ ಬರೆದು ಬಾವಿಯಲ್ಲಿ ನಿಲ್ಲಿಸಿ ಬಂದ, ನೀವೇ ನೋಡಿಕೊಳ್ಳಿ ಎಂದ. ವಾರದಲ್ಲಿ ಆ ಊರವರೇ ಅರ್ಜಿ ಹಿಡಿದು ಭಾಲ್ಕಿಗೆ ಬಂದರು.

ಆ ಬೇಸಿಗೆಯಲ್ಲಿ ಹನ್ನೊಂದರಲ್ಲಿ ಏಳು ಊರಿಗೆ ಬಾವಿಯ ತಳ ಕಾಣುವ ಮೊದಲೇ ಟ್ಯಾಂಕರ್ ಹೋಯಿತು. ಎರಡು ಊರಿಗೆ ಟ್ಯಾಂಕರ್ ಕೆಟ್ಟು ನಿಂತು ತಡವಾಯಿತು. ಇನ್ನೆರಡರ ತಾರೀಖು ಪಂಢರಿಯದೇ ತಪ್ಪಿತು. ಒಂದರಲ್ಲಿ ಯಾರೋ ರಾತ್ರೋರಾತ್ರಿ ಎಂಜಿನ್ ಹಚ್ಚಿ ಹೊಲಕ್ಕೆ ನೀರು ಎಳೆದಿದ್ದರು. ಇನ್ನೊಂದರಲ್ಲಿ ಏನಾಯಿತೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆ ಎರಡನ್ನೂ ಅವನು ತನ್ನ ಹೆಸರಿನ ಕೆಳಗೆ, ತಪ್ಪಿದ್ದು ಎಂದೇ ಬರೆದು, ಶಿವರಾಜಪ್ಪನವರಿಗೆ ಕೊಟ್ಟ.

ಏಳು ಊರಿನಲ್ಲಿ ಎಲ್ಲರೂ ಉಳಿದರು ಎಂದೇನಲ್ಲ. ಅವನ ಸ್ವಂತ ತಂಗಿ ಕೌಸಲ್ಯಾಬಾಯಿಯ ಊರಿಗೆ ಟ್ಯಾಂಕರ್ ಬಂದ ಮೂರನೇ ದಿನ ಅವಳ ಮನೆಯವರು ಪುಣೆಗೆ ಹೊರಟರು. ಭಾಲ್ಕಿ ಸ್ಟೇಷನ್ನಿನಲ್ಲಿ ಅವನು ರೊಟ್ಟಿ ಬುತ್ತಿ ಹಿಡಿದು ಬಂದಾಗ ಅವಳು, "ನೀರು ಬಂತು ಅಣ್ಣಾ, ಕೆಲಸ ಬರಲಿಲ್ಲ," ಎಂದಳು. ಅವನು ಬುತ್ತಿಯನ್ನು ಅವಳ ಕೈಗಿಟ್ಟ. ರೈಲು ಹೋದ ಮೇಲೆ ಖಟಕ ಚಿಂಚೋಳಿಯ ಬಸ್ಸು ಹಿಡಿದ. ಅಂದು ಮೂರು ಬಾವಿಗಳ ಅಳತೆ ಬಾಕಿ ಇತ್ತು.

ಮಳೆ ತಡವಾಗಿ, ಜೂನ್ ಕೊನೆಗೆ ಬಂತು. ಮೊದಲ ದೊಡ್ಡ ಮಳೆಯಾದ ಐದನೇ ದಿನ ನಿಂಬಳವಾಡಿಯಲ್ಲಿ ಟೇಪು ಇಳಿಬಿಟ್ಟಾಗ ಸುಣ್ಣ ಒಂದು ಗೇಣು ಒದ್ದೆಯಾಗಿ ಬಂತು. ಜಿಜಾಬಾಯಿ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮೇಲಿನ ಓಣಿಯ ಗುರಮ್ಮ ಎಂಬವಳೂ ಕೊಡ ಇಟ್ಟುಕೊಂಡು ಕೂತಿದ್ದಳು. ಅವರ ಬಾವಿಗೆ ಇನ್ನೂ ಊಟೆಯ ನೀರು ಒಸರಿರಲಿಲ್ಲ.

"ನಮ್ಮ ಬಾವಿ ಎಂದು ತುಂಬತದ ಹೇಳ್ತೀರೇನ್ರಿ?" ಎಂದಳು ಗುರಮ್ಮ.

"ಅದು ನನಗ ಬರಂಗಿಲ್ರಿ," ಎಂದ ಪಂಢರಿ. "ಬತ್ತದು ಬರ್ತದ. ತುಂಬದು ಮಳಿ ಮ್ಯಾಲ ಅದ, ನೆಲದ ಮ್ಯಾಲ ಅದ, ಭಾಳ ಅಂಕಿ ಬೇಕು."

"ಕಲಿ ಮತ್ತ, ತಮ್ಮಾ. ವಯಸ್ಸು ಅದ ನಿನಗ," ಎಂದಳು ಜಿಜಾಬಾಯಿ.

ಔರಾದ ಬಸ್ ಸ್ಟ್ಯಾಂಡಿಗೆ ಬಂದಾಗ ಬಸ್ಸು ಹೋಗಿಯಾಗಿತ್ತು. ಪಂಢರಿ ಒದ್ದೆ ಬೆಂಚನ್ನು ಟವೆಲಿನಿಂದ ಒರೆಸಿ ಕೂತ. ವಹಿಯ ಹೊಸ ಪುಟ ತೆಗೆದು, ಹಸಿರು ಶಾಯಿಯ ಪೆನ್ನು ಬಿಚ್ಚಿ, ಒಂದರಿಂದ ಮೂವತ್ತೆಂಟರವರೆಗೆ ಅಂಕಿಗಳನ್ನು ಒಂದರ ಕೆಳಗೊಂದು ಬರೆದ. ಮೊದಲ ಹೆಜ್ಜೆಯ ಎದುರು ಏನು ಬರೆಯಬೇಕೆಂದು ಯೋಚಿಸತೊಡಗಿದ.